ಹಿತ್ತಿಲ ಕೆರೆಯಲ್ಲಿ ಬಾತುಕೋಳಿ: ನೀರು ನಾರದಂತೆ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಬಾತುಕೋಳಿ ಇರುವ ಕೆರೆಯ ನೀರು ಬಾವಿ ನೀರಿನಷ್ಟು ತಿಳಿಯಾಗಿರಬೇಕು ಎಂಬ ಆಸೆ ಇದ್ದರೆ ಅದನ್ನು ಈಗಲೇ ಬಿಟ್ಟುಬಿಡಿ. ಆಗುವುದಿಲ್ಲ. ಆದರೆ ನಾರದ, ಕಪ್ಪಾಗದ, ಬಾತುಗಳಿಗೆ ರೋಗ ತರದ, ನೆರೆಮನೆಯವರು ಮೂಗು ಮುಚ್ಚಿಕೊಳ್ಳದ ಕೆರೆ ಇಟ್ಟುಕೊಳ್ಳುವುದು ಖಂಡಿತ ಸಾಧ್ಯ. ನಮ್ಮ ಕಾಸರಗೋಡಿನ ಕಡೆ, ಅಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದಂಥ ಗುಡ್ಡೆ ಊರುಗಳಲ್ಲಿ, ಇದು ಇನ್ನೂ ಸುಲಭ. ಮನೆ ಮೇಲೆ, ತೋಟ ಕೆಳಗೆ. ನೀರು ತಾನಾಗಿ ಇಳಿದು ಹೋಗುತ್ತದೆ.

ಹಾಗಾಗಿ ನಾನು ಹೇಳುವುದು ಇಷ್ಟೇ: ನೀರನ್ನು ಸೋಸಿ ಸೋಸಿ ಶುದ್ಧ ಮಾಡಲು ಹೋಗಬೇಡಿ. ತಳದ ಕೊಳೆ ನೀರನ್ನು ಅಡಿಕೆಗೋ ಬಾಳೆಗೋ ಬಿಡಿ, ಮೇಲಿಂದ ಹೊಸ ನೀರು ತುಂಬಿಸಿ. ತೋಟಕ್ಕೆ ಹೇಗೂ ನೀರು ಬಿಡುತ್ತೀರಿ ಅಲ್ವಾ? ಅದೇ ನೀರು ಕೆಲವು ದಿನ ಬಾತುಗಳ ಹತ್ತಿರ ತಂಗಿ ಆಮೇಲೆ ತೋಟಕ್ಕೆ ಹೋಗಲಿ. ಉಳಿದದ್ದೆಲ್ಲ ಇದನ್ನು ಸರಿಯಾಗಿ ಮಾಡುವ ವಿವರ.

ಮೊದಲು ಲೆಕ್ಕ

ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಎರಡು ಅಡಿ ಆಳದ ಕೆರೆ ಎಂದಿಟ್ಟುಕೊಳ್ಳಿ. 160 ಘನ ಅಡಿ ಆಯಿತು. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ, ಹಾಗಾಗಿ ನೀರು ಸುಮಾರು 4,500 ಲೀಟರ್. ಕೇಳುವಾಗ ಜಾಸ್ತಿಯೇ ಅನಿಸುತ್ತದೆ. ಈಗ ಇನ್ನೊಂದು ಕಡೆ ನೋಡಿ. ಬೆಳೆದ ಬಾತು ದಿನಕ್ಕೆ ಸುಮಾರು 125ರಿಂದ 150 ಗ್ರಾಂ ಹಿಕ್ಕೆ ಹಾಕುತ್ತದೆ. ಆರು ಬಾತುಗಳಿದ್ದರೆ ತಿಂಗಳಿಗೆ ಹತ್ತಿರ ಹತ್ತಿರ 25 ಕಿಲೋ. ಅದರಲ್ಲಿ ದೊಡ್ಡ ಪಾಲು ನೀರಿಗೇ ಬೀಳುತ್ತದೆ.

ಮೀನು ಮತ್ತು ಬಾತನ್ನು ಒಟ್ಟಿಗೆ ಸಾಕುವವರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಒಂದು ಹೆಕ್ಟೇರ್ ನೀರಿಗೆ 200ರಿಂದ 300 ಬಾತು. ಅಂದರೆ ಒಂದು ಬಾತಿಗೆ ಕಡಿಮೆ ಎಂದರೂ 33 ಚದರ ಮೀಟರ್ ನೀರು. ಅಷ್ಟಿದ್ದರೆ ಹಿಕ್ಕೆಯನ್ನು ಪಾಚಿ ಮತ್ತು ಮೀನುಗಳೇ ಅರಗಿಸಿಕೊಳ್ಳುತ್ತವೆ. ನಮ್ಮ ಹತ್ತು ಎಂಟರ ಕೆರೆ ಎಷ್ಟು? ಏಳೂವರೆ ಚದರ ಮೀಟರ್ ಕೂಡ ಇಲ್ಲ. ಆ ಲೆಕ್ಕದಲ್ಲಿ ಅದು ಕಾಲು ಬಾತಿಗೂ ಸಾಲದು! ಕಾಲು ಬಾತು ಸಾಕಲು ಆಗುವುದಿಲ್ಲವಾದ್ದರಿಂದ, ಸಣ್ಣ ಕೆರೆ ತನ್ನಷ್ಟಕ್ಕೆ ಚೊಕ್ಕವಾಗಿರುತ್ತದೆ ಎಂಬ ಆಸೆಯನ್ನೂ ಇಲ್ಲಿಗೇ ಕೈಬಿಡಬೇಕು.

ಇಷ್ಟು ಸಣ್ಣ ಕೆರೆಗೆ ನಾಲ್ಕು ಬಾತು ಸಾಕು. ಮೊಟ್ಟೆಗಾಗಿ ಸಾಕುವುದಾದರೆ ಖಾಕಿ ಕ್ಯಾಂಪ್‌ಬೆಲ್ ವರ್ಷಕ್ಕೆ 250ರಿಂದ 300 ಮೊಟ್ಟೆ ಇಡುವ ತಳಿ, ನಾಲ್ಕು ಹೆಣ್ಣುಗಳ ಮೊಟ್ಟೆ ಒಂದು ಮನೆಗೆ ಧಾರಾಳ. ಮೊಟ್ಟೆ ಮಾತ್ರ ಸಾಕು ಎಂದಾದರೆ ಗಂಡು ಬೇಕಾಗಿಯೇ ಇಲ್ಲ. ಕುಟ್ಟನಾಡಿನ ಚಾರ, ಚೆಂಬಲ್ಲಿ ತಳಿಗಳು ನಮ್ಮ ಸೆಕೆಗೂ ಮಳೆಗೂ ಒಗ್ಗಿದವು, ಆದರೆ ನೀರಿನಲ್ಲಿ ಆಡುವುದು ಜಾಸ್ತಿ. ಕೆರೆ ತೀರಾ ಸಣ್ಣದಾಗಿದ್ದರೆ ಮಸ್ಕೋವಿ ನೋಡಿ. ಅದು ಉಳಿದವುಗಳಷ್ಟು ಹೊತ್ತು ನೀರಿನಲ್ಲಿ ಇರುವುದಿಲ್ಲ, ಮೊಟ್ಟೆಯೂ ಕಡಿಮೆ.

ಕೆರೆ ಎಲ್ಲಿ, ಹೇಗೆ

ಕುಡಿಯುವ ನೀರಿನ ಬಾವಿಯಿಂದ ದೂರ ಇರಲಿ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ನೋಡಲು ಗಟ್ಟಿ, ಒಳಗೆಲ್ಲ ತೂತು ತೂತು. ಗುಡ್ಡೆಯ ಹೊಟ್ಟೆಗೆ ಸುರಂಗ ಕೊರೆದರೆ ನೀರು ಜಿನುಗಿ ಬರುವುದೂ ಇದೇ ಗುಣದಿಂದ. ಒಳ್ಳೆಯ ನೀರು ಹೇಗೆ ಇಳಿಯುತ್ತದೋ ಕೊಳೆ ನೀರೂ ಹಾಗೆಯೇ ಇಳಿಯುತ್ತದೆ. ಬಾವಿಗಿಂತ ತಗ್ಗಿನಲ್ಲಿ, ಕನಿಷ್ಠ 50 ಅಡಿ ಆಚೆಗೆ ಜಾಗ ಹುಡುಕಿ, ನಿಮ್ಮ ಬಾವಿ ಮಾತ್ರ ಅಲ್ಲ, ಕೆಳಗಿನ ಮನೆಯವರ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸುರಂಗದ ನೀರು ನೇರ ಬಂದು ಬೀಳುವ ಟ್ಯಾಂಕಿಗೆ ಬಾತು ಬಿಡಲೇಬೇಡಿ. ಅಲ್ಲಿಂದ ಪೈಪು ಎಳೆದು ಕೆಳಗೆ ಬೇರೆ ಕೆರೆ ಮಾಡಿ.

ಹಲಸಿನ ಮರದ ಅಡಿ ಬೇಡ. ಹಣ್ಣು ಬಿದ್ದು ಒಡೆದು ಕೊಳೆತರೆ ಒಂದೇ ವಾರದಲ್ಲಿ ನೀರು ಹಾಳು. ಹಾಗೆಂದು ಪೂರ್ತಿ ಬಿಸಿಲೂ ಒಳ್ಳೆಯದಲ್ಲ, ಪಾಚಿ ಬೇಗ ಏರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಡಿಕೆ ಮರದ ನೆರಳು ಬೀಳುವ ಜಾಗ ಚಂದ. ಬಿದ್ದ ಸೋಗೆಯನ್ನು ಅಂದಂದೇ ಎಳೆದು ಹಾಕಿದರೆ ಆಯಿತು.

ತಳ ಮಣ್ಣಿನದಾಗಿದ್ದರೆ ಬಾತು ಸುಮ್ನೆ ಕೂರುವುದಿಲ್ಲ. ಕೊಕ್ಕು ಹಾಕಿ ಕೆದಕುತ್ತಲೇ ಇರುತ್ತದೆ, ನೀರು ಸದಾ ಕೆಂಪು. ಸಿಮೆಂಟ್ ಅಥವಾ ದಪ್ಪ ಸಿಲ್ಪಾಲಿನ್ ಶೀಟು ಹಾಕುವುದು ವಾಸಿ. ಹೊಸ ಸಿಮೆಂಟ್ ಆದರೆ ಎರಡು ಮೂರು ವಾರ ನೀರು ನಿಲ್ಲಿಸಿ, ನಡುವೆ ಬದಲಿಸಿ, ಕ್ಷಾರದ ಅಂಶ ಹೋದ ಮೇಲೆ ಬಾತು ಬಿಡಿ. ಆಳ ಒಂದೂವರೆಯಿಂದ ಎರಡು ಅಡಿ ಸಾಕು. ತಳ ಸಮತಟ್ಟಾಗಿರಬಾರದು. ಒಂದು ಮೂಲೆಗೆ ಇಳಿಜಾರು ಕೊಡಿ, ಹತ್ತು ಅಡಿಗೆ ಎರಡು ಮೂರು ಇಂಚಾದರೂ. ಕೆಸರು ಜಾರಿ ಅಲ್ಲಿಗೆ ಬರಬೇಕು.

ಆ ಮೂಲೆಯಲ್ಲಿ ಮಾಡಬೇಕಾದ ಒಂದು ಸಣ್ಣ ಏರ್ಪಾಡಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇಡೀ ಕೆರೆಯಲ್ಲಿ ಕೊಟ್ಟ ದುಡ್ಡಿಗೆ ಜಾಸ್ತಿ ಉಪಕಾರ ಮಾಡುವುದು ಇದೇ. ತಳದಿಂದ ಹೊರಗೆ ಹೋಗುವ 63 ಮಿಲಿಮೀಟರ್ ಪಿವಿಸಿ ಪೈಪು ಹಾಕಿ, ಕೆರೆಯ ಒಳಗೆ ಅದರ ಸಾಕೆಟ್ಟಿಗೆ ಇನ್ನೊಂದು ತುಂಡು ಪೈಪನ್ನು ನೆಟ್ಟಗೆ ನಿಲ್ಲಿಸಿ. ಅಂಟು ಹಾಕಬೇಡಿ, ಬಿಗಿಯಾಗಿ ಕೂತರೆ ಸಾಕು. ಈ ಪೈಪಿನ ತುದಿ ಎಷ್ಟು ಎತ್ತರದಲ್ಲಿದೆಯೋ ಕೆರೆಯ ನೀರು ಅಷ್ಟೇ ಎತ್ತರಕ್ಕೆ ನಿಲ್ಲುತ್ತದೆ, ಹೆಚ್ಚಾದದ್ದು ಒಳಗೆ ಇಳಿದು ಹೊರಗೆ ಹೋಗುತ್ತದೆ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಆದರೆ ಹೀಗೆ ಬಿಟ್ಟರೆ ಹೊರಗೆ ಹೋಗುವುದು ಮೇಲಿನ ಒಳ್ಳೆಯ ನೀರು, ಕೊಳೆ ತಳದಲ್ಲೇ ಉಳಿಯುತ್ತದೆ. ಅದಕ್ಕೆ ಮದ್ದು: 110 ಮಿಲಿಮೀಟರಿನ ಒಂದು ತುಂಡನ್ನು ಈ ಪೈಪಿನ ಹೊರಗೆ ಅಂಗಿ ತೊಡಿಸಿದ ಹಾಗೆ ಇಳಿಸಿ. ಅದರ ಮೇಲ್ತುದಿ ನೀರಿನಿಂದ ಅರ್ಧ ಅಡಿ ಮೇಲಿರಲಿ. ಬುಡದಲ್ಲಿ ಹ್ಯಾಕ್ಸಾದಿಂದ ಹೆಬ್ಬೆರಳು ತೂರುವಷ್ಟು ದೊಡ್ಡ ಕಚ್ಚುಗಳನ್ನು ಸುತ್ತಲೂ ಕೊಯ್ಯಿರಿ. ಈಗ ಹೊಸ ನೀರು ಬಿದ್ದು ಮಟ್ಟ ಏರಿದಾಗ, ಒಳಪೈಪಿಗೆ ಸೇರಲು ನೀರಿಗೆ ಇರುವುದು ಬುಡದ ಕಚ್ಚುಗಳ ದಾರಿ ಮಾತ್ರ. ಮೇಲಿಂದ ತಿಳಿ ನೀರು ಬರುತ್ತದೆ, ತಳದಿಂದ ಕೊಳೆ ಹೋಗುತ್ತದೆ. ಮೋಟಾರ್ ಬೇಡ, ಕರೆಂಟ್ ಬೇಡ. ಪೂರ್ತಿ ಖಾಲಿ ಮಾಡಬೇಕೆಂದರೆ ಹೊರ ಅಂಗಿ ತೆಗೆದು ಒಳಪೈಪನ್ನು ಕಿತ್ತರೆ ಮುಗಿಯಿತು.

ಇನ್ನು ಅಂಚು. ಕೆರೆ ಕೆಡುವುದು ಹಿಕ್ಕೆಯಿಂದ ಮಾತ್ರ ಅಲ್ಲ, ಬಾತುಗಳ ಕಾಲಿಗೆ ಅಂಟಿ ಬರುವ ಮಣ್ಣಿನಿಂದಲೂ. ಅವು ನೀರಿನಿಂದ ಮೇಲೆ ಬಂದು ಮೈ ಕೊಡವುತ್ತವೆ, ಅಲ್ಲೇ ಕೆಸರಾಗುತ್ತದೆ, ಆ ಕೆಸರಿನಲ್ಲಿ ಕೊಕ್ಕು ಅದ್ದಿ ಹುಳ ಹುಡುಕುತ್ತವೆ, ಅದೇ ಕೊಕ್ಕನ್ನು ಕೆರೆಯಲ್ಲಿ ತೊಳೆಯುತ್ತವೆ, ದಿನಕ್ಕೆ ನೂರು ಸಲ. ಸುತ್ತ ಮೂರಡಿ ಅಗಲಕ್ಕೆ ಮುರಕಲ್ಲು ಹಾಸಿ. ಇಲ್ಲದಿದ್ದರೆ ಹಳೆಯ ಶೇಡ್ ನೆಟ್ ಹಾಸಿ ಅದರ ಮೇಲೆ 20 ಮಿಲಿಮೀಟರಿನ ಜಲ್ಲಿ ಸುರಿಯಿರಿ. ಹತ್ತಿ ಇಳಿಯಲು ಒಂದೇ ಕಡೆ ದಾರಿ ಕೊಡಿ, ಒರಟಾದ ಇಳಿಜಾರು. ಉಳಿದ ಕಡೆ ಗೇಣುದ್ದ ಕಟ್ಟೆ ಇದ್ದರೆ ಅವು ಎಲ್ಲೆಂದರಲ್ಲಿ ಇಳಿಯುವುದಿಲ್ಲ.

ಬಾತುಗಳ ದಿನಚರಿಯೇ ಅರ್ಧ ಶುಚಿತ್ವ

ಬಾತು ಇಡೀ ದಿನ ನೀರಿನಲ್ಲೇ ಇರಬೇಕು ಎಂದೇನಿಲ್ಲ. ಕಣ್ಣು, ಮೂಗು ತೊಳೆದುಕೊಳ್ಳಲು ತಲೆ ಪೂರ್ತಿ ಮುಳುಗುವಷ್ಟು ನೀರು ಯಾವಾಗಲೂ ಬೇಕು, ಅದಕ್ಕೆ ಒಂದು ಬಕೆಟ್ ಆದರೂ ಆಗುತ್ತದೆ. ಈಜಲು ದಿನಕ್ಕೆ ಎರಡು ಮೂರು ಗಂಟೆ ಬಿಟ್ಟರೆ ಅವು ಖುಷಿಯಾಗಿಯೇ ಇರುತ್ತವೆ.

ರಾತ್ರಿ ಗೂಡಿನಲ್ಲಿ ಹಾಕಿ. ನರಿ, ಕೀರಿ, ಬೀದಿನಾಯಿ, ಹೆಬ್ಬಾವು, ನಮ್ಮಲ್ಲಿ ಯಾವುದಕ್ಕೂ ಕೊರತೆ ಇಲ್ಲ, ಹಾಗಾಗಿ ಗೂಡು ಹೇಗೂ ಬೇಕು. ಗೂಡಿನೊಳಗೆ ಹಟ್ಟಿಗೆ ಹಾಕುವ ಹಾಗೆ ತರಗೆಲೆ ದಪ್ಪಕ್ಕೆ ಹಾಸಿ, ಮರದ ಹೊಟ್ಟು ಅಥವಾ ತೆಂಗಿನ ನಾರಿನ ಹುಡಿ ಆದರೂ ಆಗುತ್ತದೆ. ರಾತ್ರಿಯ ಹಿಕ್ಕೆಯೆಲ್ಲ ಈ ಹಾಸಿಗೆ ಸೇರಿ ಗೊಬ್ಬರವಾಗುತ್ತದೆ, ನೀರಿಗೆ ಬೀಳುವುದಿಲ್ಲ. ಈ ಒಂದು ಕೆಲಸದಿಂದ ಕೆರೆಯ ಹೊರೆ ಎಷ್ಟು ಇಳಿಯುತ್ತದೆ ಎಂದು ಒಂದೆರಡು ವಾರದಲ್ಲಿ ನಿಮಗೇ ಗೊತ್ತಾಗುತ್ತದೆ.

ಬೆಳಿಗ್ಗೆ ಬೇಗ ಬಿಡಬೇಡಿ. ಬಾತು ಮೊಟ್ಟೆ ಇಡುವುದು ನಸುಕಿನಿಂದ ಬೆಳಗಿನ ಹೊತ್ತಿನೊಳಗೆ. ಒಂಬತ್ತು ಗಂಟೆಯವರೆಗೆ ಗೂಡಿನಲ್ಲೇ ಇಟ್ಟರೆ ಮೊಟ್ಟೆ ಗೂಡಿನಲ್ಲಿ ಸಿಗುತ್ತದೆ, ಕೆರೆಯ ತಳದಲ್ಲಿ ಕೊಳೆತು ನಾರುವುದಿಲ್ಲ.

ಆಹಾರವನ್ನು ನೀರಿನ ಹತ್ತಿರ ಹಾಕಲೇಬೇಡಿ. ತೌಡು, ಅನ್ನ, ತೆಂಗಿನ ಹಿಂಡಿ ಏನೇ ಇರಲಿ, ಕೆರೆಯಿಂದ ದೂರ ಹಾಕಿ. ಆದರೆ ಬಾತಿಗೆ ತಿನ್ನುವಾಗ ಪಕ್ಕದಲ್ಲೇ ಕುಡಿಯುವ ನೀರು ಬೇಕು, ಇಲ್ಲದಿದ್ದರೆ ಒಣ ತೌಡು ಗಂಟಲಲ್ಲಿ ಕಟ್ಟುತ್ತದೆ. ಅದಕ್ಕೆ ಒಂದು ಸಣ್ಣ ಗುಂಡಿ ತೋಡಿ, ತೆಂಗಿನ ಸಿಪ್ಪೆ ಮತ್ತು ಜಲ್ಲಿ ತುಂಬಿ, ಮೇಲೆ ಕಬ್ಬಿಣದ ಜಾಲರಿ ಇಟ್ಟು ಅದರ ಮೇಲೆ ನೀರಿನ ಬಕೆಟ್ ಇಡಿ. ಚೆಲ್ಲಿದ್ದೆಲ್ಲ ಗುಂಡಿಗೆ ಇಳಿಯುತ್ತದೆ. ತಿಂದು, ಕುಡಿದು, ಕೊಕ್ಕು ತೊಳೆದ ಮೇಲೆ ಕೆರೆಗೆ ಬಿಡಿ. ಮಕ್ಕಳು ಬಂದಾಗ ಬ್ರೆಡ್ಡು, ದೋಸೆ ತುಂಡು ನೀರಿಗೆ ಎಸೆಯುವ ಆಟಕ್ಕೆ ಮೊದಲ ದಿನವೇ ಕಡಿವಾಣ ಹಾಕಿ. ಹಿಂಡಿಯ ಬಗ್ಗೆ ಒಂದು ಮಾತು: ಮಳೆಗಾಲದಲ್ಲಿ ಬೂಸಲು ಬಂದ ಹಿಂಡಿ ಕೊಡಬೇಡಿ. ಬೂಸಲಿನ ವಿಷಕ್ಕೆ ಕೋಳಿಗಿಂತ ಬಾತು ಬೇಗ ಬಲಿಯಾಗುತ್ತದೆ.

ನೀರು ಬಿಡುವ ಕ್ರಮ

ಸಮಯ ಮುಖ್ಯ. ಬಾತುಗಳು ಇಳಿದ ಮೇಲೆ ಇಡೀ ಕೆರೆ ಕದಡಿರುತ್ತದೆ, ಆಗ ನೀರು ಬಿಟ್ಟರೆ ಕೊಳೆಯ ಜೊತೆಗೆ ಒಳ್ಳೆಯ ನೀರೂ ಹೋಗುತ್ತದೆ. ರಾತ್ರಿಯಿಡೀ ಕೆರೆ ಅಲುಗಾಡದೆ ಇದ್ದು ಬೆಳಿಗ್ಗೆ ಕೆಸರೆಲ್ಲ ತಳಕ್ಕೆ ಕೂತಿರುತ್ತದೆ. ಬಾತು ಗೂಡಿನಲ್ಲಿರುವ ಆ ಬೆಳಗಿನ ಹೊತ್ತಿನಲ್ಲೇ ಬಿಡಬೇಕು. ಕಾಫಿ ಕುಡಿದು ಹೋದರೆ ಸರಿಯಾಗುತ್ತದೆ.

ನಾಲ್ಕು ಬಾತು ಇರುವ 4,500 ಲೀಟರಿನ ಕೆರೆಗೆ, ಬೇಸಗೆಯಲ್ಲಿ ದಿನ ಬಿಟ್ಟು ದಿನ ಸಾವಿರ ಲೀಟರ್ ತಳದಿಂದ ಬಿಟ್ಟು ಅಷ್ಟೇ ತುಂಬಿಸಿ. ಇದು ನೀರು ಹಾಳು ಮಾಡಿದ ಹಾಗೆ ಅಲ್ವಾ ಎಂದು ಕೇಳಬಹುದು. ಬುಡಕ್ಕೆ ನೀರು ಬಿಡುವ ಪದ್ಧತಿಯಲ್ಲಿ ಅಡಿಕೆ ಮರಕ್ಕೆ ಒಂದು ಸಲಕ್ಕೆ ಹೇಳುವ ಪ್ರಮಾಣ 175 ಲೀಟರ್, ಮಾರ್ಚ್‌ನಿಂದ ಮೇ ತನಕ ಮೂರರಿಂದ ಐದು ದಿನಕ್ಕೊಮ್ಮೆ. ಸಾವಿರ ಲೀಟರ್ ಅಂದರೆ ಆರು ಮರಕ್ಕೆ ಒಂದು ಸಲದ ನೀರು. ಹೇಗೂ ಕೊಡಬೇಕಾದ ನೀರು, ಗೊಬ್ಬರ ಕರಗಿ ಹೋಗುತ್ತದೆ ಅಷ್ಟೇ. ಒಂದು ಎಚ್ಚರಿಕೆ: ಈ ನೀರನ್ನು ಹನಿ ನೀರಾವರಿಯ ಪೈಪಿಗೆ ಜೋಡಿಸಬೇಡಿ. ಗರಿ ಮತ್ತು ಪಾಚಿ ಸೇರಿ ಎಲ್ಲ ತೂತುಗಳನ್ನೂ ಕಟ್ಟಿಬಿಡುತ್ತದೆ. ತೆರೆದ ಕಣಿಯಲ್ಲೇ ಹರಿಸಿ, ಇವತ್ತು ಈ ಸಾಲು, ಮುಂದಿನ ಸಲ ಆ ಸಾಲು ಎಂದು ಬದಲಿಸುತ್ತಾ ಹೋಗಿ. ಒಂದೇ ಬಾಳೆ ಬುಡಕ್ಕೆ ದಿನವೂ ಬಿಟ್ಟರೆ ಬುಡ ಕೊಳೆಯುತ್ತದೆ.

ಹರಿವೆ, ಬಸಳೆ ಮಡಿಗೆ ಬಿಡುವುದಾದರೆ ಬುಡಕ್ಕೆ ಮಾತ್ರ, ಎಲೆಗೆ ತಾಗಬಾರದು. ಹಸಿಯಾಗಿ ತಿನ್ನುವ ಸೌತೆ, ಮೂಲಂಗಿ, ಕೊತ್ತಂಬರಿಗೆ ಬೇಡವೇ ಬೇಡ.

ತಳದ ಪೈಪು ಇಲ್ಲದ ಹಳೆಯ ಕೆರೆಯಾದರೆ ಸೈಫನ್ ಮಾಡಬಹುದು. ತೋಟ ಕೆಳಗಿರುವುದರಿಂದ ನಮಗೆ ಇದು ಸಲೀಸು.

1. ಒಂದೂವರೆ ಇಂಚಿನ ಹೋಸ್ ಪೈಪನ್ನು ಪೂರ್ತಿ ಕೆರೆಯೊಳಗೆ ಮುಳುಗಿಸಿ, ಗಾಳಿಯ ಗುಳ್ಳೆ ಬರುವುದು ನಿಲ್ಲುವ ತನಕ ಕಾಯಿರಿ.
2. ಒಂದು ತುದಿಯನ್ನು ಬಿದಿರು ಕೋಲಿಗೆ ಕಟ್ಟಿ ತಳದಲ್ಲಿಡಿ. ಇನ್ನೊಂದು ತುದಿಯನ್ನು ನೀರಿನೊಳಗೇ ಅಂಗೈಯಿಂದ ಬಿಗಿಯಾಗಿ ಮುಚ್ಚಿ, ಹಾಗೇ ಎತ್ತಿ ಕೆಳಗಿನ ಕಣಿಗೆ ಒಯ್ಯಿರಿ. ಅದು ಕೆರೆಯ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿದ್ದರೆ ಕೈ ತೆಗೆದ ಕೂಡಲೇ ಹರಿಯುತ್ತದೆ. ಬಾಯಿಂದ ಎಳೆಯಬೇಡಿ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.
3. ಕೋಲು ಹಿಡಿದು ನಿಧಾನಕ್ಕೆ ತಳವಿಡೀ ಆಡಿಸಿ. ಅವಸರ ಮಾಡಿದರೆ ಕದಡುತ್ತದೆ. ಮೊದಲು ಕಪ್ಪು ನೀರು ಬರುತ್ತದೆ, ಆಮೇಲೆ ಕಂದು. ಬಣ್ಣ ತೆಳುವಾದ ಜಾಗ ಬಿಟ್ಟು ಮುಂದೆ ಹೋಗಿ.

ಎರಡು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಗಟ್ಟಿ ಹಿಡಿಸೂಡಿಯಿಂದ ತಿಕ್ಕಿ. ಮಳೆಗಾಲದಲ್ಲಿ ಹರಿವು ಚೆನ್ನಾಗಿದ್ದರೆ ತಿಂಗಳಿಗೊಮ್ಮೆ ಆದರೂ ಸಾಕು. ಬಾಚಿ ತೆಗೆದ ಕೆಸರನ್ನು ತರಗೆಲೆಯ ಜೊತೆ ಪದರ ಪದರವಾಗಿ ಹಾಕಿ ಗೊಬ್ಬರ ಮಾಡಿ, ಹಸಿಯಾಗಿ ಬುಡಕ್ಕೆ ಒತ್ತಬೇಡಿ. ರಾಶಿಯನ್ನು ಆಗಾಗ ಮಗುಚಬೇಕು. ಇಲ್ಲದಿದ್ದರೆ ಕುರುವಾಯಿ ದುಂಬಿ ಅಲ್ಲೇ ಮೊಟ್ಟೆಯಿಟ್ಟು, ಹುಳ ಬೆಳೆದು, ಆಮೇಲೆ ನಿಮ್ಮದೇ ತೆಂಗಿನ ಸುಳಿ ಕೊರೆಯುತ್ತದೆ.

ನೀರು ಕಡಿಮೆ ಇರುವವರಿಗೆ

ಏಪ್ರಿಲ್ ಹೊತ್ತಿಗೆ ಸುರಂಗದ ನೀರು ಬೆರಳು ಗಾತ್ರಕ್ಕೆ ಇಳಿಯುವ ಮನೆಗಳಿವೆ. ಅಂಥವರು ನೀರನ್ನು ಸುತ್ತಿ ಬಳಸಬೇಕಾಗುತ್ತದೆ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ ಒಂದನ್ನು ಇಟ್ಟು, ಕೆರೆಯ ನೀರು ಅದರ ಬದಿಗೆ ತಾಗಿ ಸುತ್ತು ಹೊಡೆಯುವ ಹಾಗೆ ಒಳಬಿಡಿ. ಸುತ್ತುವಾಗ ಗಟ್ಟಿ ಕೊಳೆ ನಡುವಿಗೆ ಬಂದು ತಳಕ್ಕೆ ಇಳಿಯುತ್ತದೆ, ಅದನ್ನು ಬಿಡಲು ಕೆಳಗೆ ಒಂದು ವಾಲ್ವ್ ಇರಲಿ. ಮೇಲಿನ ನೀರು ಎರಡನೇ ತೊಟ್ಟಿಗೆ ಹೋಗಲಿ. ಅಲ್ಲಿ ಜಲ್ಲಿ ತುಂಬಿ ಲಾವಂಚ, ಹೂಬಾಳೆ, ಕೆಸು ನೆಡಿ. ಜಲ್ಲಿಗೆ ಅಂಟಿದ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ, ಅದನ್ನು ಗಿಡಗಳು ಹೀರುತ್ತವೆ. ಗಿಡಗಳನ್ನು ಬಾತುಗಳಿಗೆ ಸಿಗದ ಹಾಗೆ ಬೇಲಿಯೊಳಗೆ ಇಡಬೇಕು, ಕೆರೆಯೊಳಗೇ ನೆಟ್ಟರೆ ಒಂದು ವಾರ ಕೂಡ ಉಳಿಯುವುದಿಲ್ಲ. ಆ ಕೆಸುವಿನ ಎಲೆಯಲ್ಲಿ ಪತ್ರೊಡೆ ಮಾಡುವ ಮನಸ್ಸು ನನಗಂತೂ ಬರುವುದಿಲ್ಲ.

ಪಂಪು ಕೊಳ್ಳುವಾಗ ಅಕ್ವೇರಿಯಂನ ಸಣ್ಣ ಪಂಪು ಬೇಡ, ಮೊದಲ ಗರಿಗೇ ನಿಲ್ಲುತ್ತದೆ. ಕೊಳೆ ನೀರು ಎತ್ತುವ ಪಂಪನ್ನೇ ತಂದು ಬಲೆಯ ಬುಟ್ಟಿಯೊಳಗೆ ಇಳಿಸಿ. ಎರಡು ಗಂಟೆಗೊಮ್ಮೆ ಇಡೀ ಕೆರೆಯ ನೀರು ಒಂದು ಸುತ್ತು ಹೋಗುವಷ್ಟು ಸಾಮರ್ಥ್ಯ ಇರಲಿ. ನೀರಿನ ಹತ್ತಿರದ ವೈರಿಂಗಿಗೆ, ಕರೆಂಟ್ ಸೋರಿದರೆ ಕೂಡಲೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಲೇಬೇಕು, ಗುಡುಗು ಸಿಡಿಲಿನ ಸಂಜೆ ಪ್ಲಗ್ ಕಿತ್ತಿಡಿ. ಜಲ್ಲಿಯನ್ನು ತೊಳೆಯುವಾಗ ಕೆರೆಯ ನೀರಿನಲ್ಲೇ ಸುಮ್ನೆ ಜಾಲಾಡಿಸಿ, ಕ್ಲೋರಿನ್ ಹಾಕಿದ ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದರೆ ಒಳ್ಳೆಯ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಇಷ್ಟೆಲ್ಲ ಹೇಳಿದೆನಾದರೂ, ನೀರು ಸಾಕಷ್ಟಿರುವ ಮನೆಗೆ ಇದು ದುಡ್ಡು ದಂಡ. ಬಣ್ಣದ ಲೈಟಿನ ಕಾರಂಜಿ ಅಂತೂ ಇನ್ನೂ ದಂಡ.

ನೀರನ್ನು ನೋಡಿ ತಿಳಿಯುವುದು

ಹಗಲು ಹೊತ್ತು ಒಂದು ಸ್ಟೀಲ್ ಮುಚ್ಚಳಕ್ಕೆ ದಾರ ಕಟ್ಟಿ, ನಡುವೆ ಕಲ್ಲು ಇಟ್ಟು ನೀರಿಗೆ ಇಳಿಸಿ. ಒಂದು ಗೇಣು ಇಳಿಯುವಷ್ಟರಲ್ಲೇ ಕಾಣದಾದರೆ ನೀರು ಬದಲಿಸುವ ಹೊತ್ತು ಬಂತು. ಒಂದೂವರೆ ಗೇಣಿನ ತನಕ ಕಂಡರೆ ಬಾತಿನ ಕೆರೆಗೆ ಅದು ಒಳ್ಳೆಯ ನೀರು.

ಬಣ್ಣವೂ ಹೇಳುತ್ತದೆ. ತೆಳು ಹಸಿರು ಅಂದರೆ ಪಾಚಿ, ಗಾಬರಿ ಬೇಡ. ಕೆಂಪು ಅಂದರೆ ಮಣ್ಣು, ಅಂಚನ್ನು ಸರಿಮಾಡಿ. ಕಪ್ಪಾಗಿ, ಕೋಲು ಹಾಕಿದರೆ ಗುಳ್ಳೆ ಎದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದಲ್ಲಿ ಆಮ್ಲಜನಕ ಇಲ್ಲದೆ ಕೆಸರು ಕೊಳೆಯುತ್ತಿದೆ ಎಂದರ್ಥ, ಅವತ್ತೇ ಖಾಲಿ ಮಾಡಿ. ಪೇಯಿಂಟ್ ಚೆಲ್ಲಿದಂತೆ ನೀಲಿ ಹಸಿರು ಕೆನೆ ಕಟ್ಟಿದರೆ ಬಾತುಗಳನ್ನು ಕೂಡಲೇ ಹೊರಗೆ ತನ್ನಿ. ಆ ಬಗೆಯ ಪಾಚಿಯಲ್ಲಿ ಕೆಲವು ವಿಷಕಾರಿ.

ನಮ್ಮ ಕಡೆ ಇನ್ನೊಂದು ಕಾಣಸಿಗುತ್ತದೆ. ನೀರಿನ ಮೇಲೆ ಎಣ್ಣೆಯ ಹಾಗೆ ಹೊಳೆಯುವ ತೆಳು ಪೊರೆ, ಅಂಚಿನಲ್ಲಿ ತುಕ್ಕಿನ ಬಣ್ಣದ ಲೋಳೆ. ಯಾರೋ ಡೀಸೆಲ್ ಸುರಿದರೋ ಎಂದು ಸಂಶಯ ಬರುವಷ್ಟು ಹಾಗೇ ಕಾಣುತ್ತದೆ. ಒಂದು ಕಡ್ಡಿ ತೆಗೆದು ಪೊರೆಯ ನಡುವೆ ಗೆರೆ ಎಳೆಯಿರಿ. ಎಣ್ಣೆಯಾದರೆ ಗೆರೆ ಕೂಡಲೇ ಮತ್ತೆ ಕೂಡಿಕೊಳ್ಳುತ್ತದೆ. ಇದು ಹಾಗಲ್ಲ, ತುಂಡು ತುಂಡಾಗಿ ಒಡೆದು ಬೇರೆಯಾಗಿಯೇ ನಿಲ್ಲುತ್ತದೆ. ಅದು ಮುರಮಣ್ಣಿನ ಕಬ್ಬಿಣದ ಅಂಶದಿಂದ ಬದುಕುವ ಬ್ಯಾಕ್ಟೀರಿಯಾದ ಕೆಲಸ. ಬಾತಿಗೆ ತೊಂದರೆ ಇಲ್ಲ. ಹೊಸ ನೀರನ್ನು ಸ್ವಲ್ಪ ಎತ್ತರದಿಂದ ಬೀಳುವಂತೆ ಮಾಡಿದರೆ ಗಾಳಿ ಸೇರಿ ಕಬ್ಬಿಣ ಮೊದಲೇ ಕೂರುತ್ತದೆ.

ಮದ್ದು ಸುರಿಯುವ ಮುಂಚೆ

ಅಡಿಕೆ ಬೆಳೆಯುವ ಪ್ರತಿ ಮನೆಯಲ್ಲೂ ಮೈಲುತುತ್ತು (ತಾಮ್ರದ ಸಲ್ಫೇಟ್) ಇರುತ್ತದೆ. ಪಾಚಿಗೆ ಮೈಲುತುತ್ತು ಒಳ್ಳೆಯದು ಎಂದು ಹೇಳುವವರೂ ಇರುತ್ತಾರೆ. ಪಾಚಿ ಸಾಯುವುದು ನಿಜ. ಆದರೆ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಪೂರ್ತಿ ಹೋಗುತ್ತದೆ, ತಾಮ್ರ ಕೆಸರಿನಲ್ಲಿ ಉಳಿಯುತ್ತದೆ, ಆ ಕೆಸರನ್ನು ಬಾತು ಕೊಕ್ಕಿನಿಂದ ಸೋಸಿ ತಿನ್ನುತ್ತದೆ. ಮುರಕಲ್ಲಿನ ನೀರು ಮೆದು ನೀರು, ಸ್ವಲ್ಪ ಹುಳಿಯ ಕಡೆಗೆ ಇರುವಂಥದ್ದು. ಅಂಥ ನೀರಿನಲ್ಲಿ ತಾಮ್ರದ ವಿಷ ಇನ್ನೂ ಜಾಸ್ತಿ. ಬೇಡ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ದಿನವೂ ಜಾಗ್ರತೆ ಬೇಕು. ಶೇಕಡಾ ಒಂದರ ದ್ರಾವಣ ಅಂದರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮರದ ತುದಿಗೆ ಬಿಟ್ಟದ್ದು ಗಾಳಿಗೆ ಕೆರೆಗೂ ಬೀಳುತ್ತದೆ. ಮದ್ದು ಬಿಡುವ ದಿನ ಬಾತುಗಳನ್ನು ಗೂಡಿನಲ್ಲೇ ಇಡಿ, ಕೆರೆಗೆ ಟಾರ್ಪಾಲ್ ಮುಚ್ಚಿ, ಮುಚ್ಚಲು ಆಗದಿದ್ದರೆ ಆಮೇಲೆ ನೀರು ಪೂರ್ತಿ ಬದಲಿಸಿ. ಕಳೆನಾಶಕದ ಕ್ಯಾನ್ ಕೆರೆಯ ಹತ್ತಿರ ತೊಳೆಯುವುದಂತೂ ಕೂಡದು. ಎಂಡೋಸಲ್ಫಾನ್ ಕೀಟನಾಶಕದ ಅನಾಹುತ ನೋಡಿದ ನಮ್ಮ ಊರಿಗೆ ವಿಷ ಮತ್ತು ನೀರಿನ ವಿಷಯ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಬ್ಲೀಚಿಂಗ್ ಪೌಡರ್ ಬಾವಿಗೆ ಹಾಕುತ್ತೇವಲ್ಲ, ಇಲ್ಲಿಗೂ ಹಾಕಿದರೆ? ಇಷ್ಟು ಕೊಳೆ ಇರುವ ನೀರಿನಲ್ಲಿ ಕ್ಲೋರಿನ್ ಅಮೋನಿಯಾದ ಜೊತೆ ಸೇರಿ ಬೇರೇನೋ ಆಗಿ ಕಣ್ಣು ಮೂಗು ಉರಿಸುತ್ತದೆಯೇ ಹೊರತು ನೀರು ಶುದ್ಧವಾಗುವುದಿಲ್ಲ. ಸುಣ್ಣ ಬಳಸಬಹುದು, ಆದರೆ ಖಾಲಿ ಸಿಮೆಂಟ್ ಕೆರೆಗೆ ಮಾತ್ರ. ಮಳೆಗಾಲ ಮುಗಿದ ಮೇಲೆ ಒಮ್ಮೆ ಪೂರ್ತಿ ಒಣಗಿಸಿ, ಸುಣ್ಣದ ನೀರು ಬಳಿದು, ಕೆಲವು ದಿನ ಬಿಸಿಲಿಗೆ ಬಿಟ್ಟು, ಎರಡು ಸಲ ತೊಳೆದು ಆ ನೀರನ್ನು ಹೊರಗೆ ಬಿಟ್ಟ ಮೇಲೆ ತುಂಬಿಸಿ. ಅಂಗಡಿಯಲ್ಲಿ ಸಿಗುವ ಇಎಂ (ಉಪಕಾರಿ ಸೂಕ್ಷ್ಮಜೀವಿಗಳ) ದ್ರಾವಣ, ಬ್ಯಾಕ್ಟೀರಿಯಾ ಪುಡಿಗಳಿಂದ ವಾಸನೆ ಸ್ವಲ್ಪ ತಗ್ಗಬಹುದು. ಹೊರೆ ಇಳಿಸದೆ ಅದನ್ನು ಮಾತ್ರ ನಂಬಿದರೆ ಪ್ರಯೋಜನ ಇಲ್ಲ.

ಮಳೆಗಾಲ

ಜೂನ್ ಬಂತೆಂದರೆ ನೀರಿಗೆ ಬರ ಇಲ್ಲ, ಆದರೆ ಗುಡ್ಡೆಯಿಂದ ಇಳಿಯುವ ಕೆಂಪು ನೀರು ನೇರ ಕೆರೆಗೆ ನುಗ್ಗುತ್ತದೆ. ಮೇಲ್ಬದಿಯಲ್ಲಿ ಒಂದು ಕಣಿ ತೋಡಿ ಅದನ್ನು ಬದಿಗೆ ತಿರುಗಿಸಿ. ಮಾಡಿನ ನೀರನ್ನು ಮಾತ್ರ ಪೈಪಿನಲ್ಲಿ ಕೆರೆಗೆ ಬಿಟ್ಟರೆ ಅದು ಇಡೀ ಮಳೆಗಾಲ ಕೆರೆಯನ್ನು ತೊಳೆಯುತ್ತಾ ಇರುತ್ತದೆ, ಜೋಡಿ ಪೈಪು ಹಾಕಿದವರಿಗೆ ಆಗ ಕೆಲಸವೇ ಇಲ್ಲ. ಹೊರಗೆ ಹೋಗುವ ನೀರು ಮಾತ್ರ ನಿಮ್ಮ ತೋಟದೊಳಗೇ ಇಂಗಬೇಕು. ಜೋರು ಮಳೆಯಲ್ಲಿ ಯಾರಿಗೂ ಗೊತ್ತಾಗದು ಎಂದು ತೋಡಿಗೆ ಬಿಡುವುದು ಸರಿಯಲ್ಲ, ಕೆಳಗೆ ಆ ತೋಡಿನ ನೀರನ್ನೇ ಬಳಸುವವರು ಇರುತ್ತಾರೆ.

ಆಫ್ರಿಕನ್ ಪಾಯಲ್, ಅಂತರಗಂಗೆಯಂಥ ತೇಲುವ ಕಳೆಗಳನ್ನು ಚಂದ ಕಾಣುತ್ತದೆ ಎಂದು ತಂದು ಹಾಕಬೇಡಿ. ಮಳೆಯಲ್ಲಿ ಹರಿದು ತೋಡು ಸೇರಿದರೆ ತೆಗೆದು ಮುಗಿಯುವುದಿಲ್ಲ. ಮೇವಿಗಾಗಿ ಅಜೋಲ ಎಂಬ ತೇಲುವ ಸಣ್ಣ ಗಿಡ ಬೆಳೆಸುವುದಾದರೆ ಬೇರೆ ತೊಟ್ಟಿಯಲ್ಲಿ ಬೆಳೆಸಿ, ದಿನವೂ ಒಂದಿಷ್ಟು ಬಾತಿಗೆ ಹಾಕಿ. ಬಾತುಗಳಿಗೆ ಅದು ಬಹಳ ಇಷ್ಟ.

ನಿಮ್ಮ ಮತ್ತು ಬಾತುಗಳ ಆರೋಗ್ಯ

ಕೆಸರು ಬಾಚುವಾಗ ಗಂ ಬೂಟು, ಕೈಗವಸು ಇರಲಿ. ಆಹಾರ ಚೆಲ್ಲಿದ ಜಾಗಕ್ಕೆ ಇಲಿ ಬಂದೇ ಬರುತ್ತದೆ, ಅದರ ಮೂತ್ರ ಸೇರಿದ ನೀರಿನಿಂದ ಇಲಿ ಜ್ವರ ಬರುತ್ತದೆ. ಕಾಲಿನಲ್ಲಿ ಗಾಯ ಇದ್ದರೆ ಆ ದಿನ ಕೆಲಸ ಬೇರೆಯವರಿಗೆ ಬಿಡಿ. ಕೆಸರು ನೀರಿನ ಕೆಲಸ ಆದ ಮೇಲೆ ಜ್ವರ, ಮೀನಖಂಡದಲ್ಲಿ ನೋವು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಬಾತಿನ ಕೆರೆಯ ವಿಷಯವನ್ನೂ ವೈದ್ಯರಿಗೆ ಹೇಳಿ. ಮಕ್ಕಳು ಈ ಕೆರೆಯಲ್ಲಿ ಮುಳುಗಿ ಆಡುವುದು ಬೇಡ. ನಿಂತ ನೀರಿನ ಅಮೀಬಾ ಮೂಗಿನ ಮೂಲಕ ಹೋಗಿ ಮಿದುಳು ಜ್ವರ ಬಂದ ಸುದ್ದಿ ಈಚಿನ ವರ್ಷಗಳಲ್ಲಿ ಕೇರಳದಲ್ಲಿ ಎಷ್ಟು ಸಲ ಬಂದಿಲ್ಲ! ಮೊಟ್ಟೆಯ ಮೇಲೂ ಹಿಕ್ಕೆ ಅಂಟಿರುತ್ತದೆ, ತೊಳೆದು ಚೆನ್ನಾಗಿ ಬೇಯಿಸಿ ತಿನ್ನಿ. ಅರೆಬೆಂದ ಬುಲ್ಸ್‌ ಐ ಬಾತಿನ ಮೊಟ್ಟೆಗೆ ಹೇಳಿದ್ದಲ್ಲ.

ಬಾತುಗಳಲ್ಲಿ ನೀರಿನಿಂದ ಬರುವ ದೊಡ್ಡ ಅಪಾಯ ಬಾಟುಲಿಸಂ ಎಂಬ ವಿಷಬಾಧೆ. ಸೆಕೆಯಲ್ಲಿ ನಿಂತ ನೀರು, ಅದರಲ್ಲಿ ಸತ್ತ ಇಲಿಯೋ ಕಪ್ಪೆಯೋ, ಅದರ ಮೇಲೆ ಹುಳ. ಆ ಹುಳ ತಿಂದ ಬಾತಿನ ಕಾಲು ಮೊದಲು ಸೋಲುತ್ತದೆ, ಆಮೇಲೆ ಕತ್ತು ಎತ್ತಲಾಗದೆ ನೀರಿನ ಮೇಲೆ ಜೋತುಬೀಳುತ್ತದೆ. ಹೀಗೆ ಕಂಡರೆ ಎಲ್ಲವನ್ನೂ ನೀರಿನಿಂದ ಹೊರಗೆ ತಂದು, ಬೇರೆ ಶುದ್ಧ ನೀರು ಕುಡಿಯಲು ಇಟ್ಟು, ಮೃಗಾಸ್ಪತ್ರೆಗೆ ಫೋನ್ ಮಾಡಿ. ಒಂದೇ ಸಲ ಹಲವು ಬಾತು ಸತ್ತರೆ ಮುಟ್ಟಬೇಡಿ, ಹೂಳಲೂ ಹೋಗಬೇಡಿ, ಹಕ್ಕಿಜ್ವರವೂ ಇರಬಹುದು, ಮೊದಲು ತಿಳಿಸಿ.

ಇನ್ನು ಸೊಳ್ಳೆ. ಬಾತು ಇರುವ ಕೆರೆಯಲ್ಲಿ ಸೊಳ್ಳೆ ಮರಿ ಉಳಿಯುವುದು ಕಷ್ಟ, ತಿಂದು ಮುಗಿಸುತ್ತವೆ. ಸೊಳ್ಳೆ ಹುಟ್ಟುವುದು ಬಾತು ಮುಟ್ಟದ ಕಡೆ: ಜಲ್ಲಿ ತೊಟ್ಟಿ, ಡ್ರಮ್, ಬಕೆಟ್, ಮಗುಚಿ ಬಿದ್ದು ನೀರು ತುಂಬಿದ ಅಡಿಕೆ ಹಾಳೆ. ತೊಟ್ಟಿಗೆ ನಾಲ್ಕು ಗಪ್ಪಿ ಮೀನು ಬಿಡಿ, ಡ್ರಮ್ಮಿಗೆ ಬಲೆ ಕಟ್ಟಿ. ಹಾಳೆಗಳನ್ನು ಹೆಕ್ಕಿ ಒಣಗಿಸಿ ಅಟ್ಟಕ್ಕೆ ಹಾಕಿ. ಗಪ್ಪಿಯನ್ನು ಕೆರೆಗೆ ಮಾತ್ರ ಬಿಡಬೇಡಿ, ಸಂಜೆಯೊಳಗೆ ಒಂದೂ ಇರುವುದಿಲ್ಲ.